ಮೀನ್ ಗರ್ಲ್ಸ್: ತಪ್ಪು ರೆಜೀನಾಳದ್ದಾ, ಆ ಊಟದ ಹಾಲ್‌ನದ್ದಾ?

ಕಿಟಕಿ ಪಕ್ಕದ ಸೀಟು

2004ರ ಹಾಲಿವುಡ್ ಸಿನಿಮಾ 'ಮೀನ್ ಗರ್ಲ್ಸ್' ಮಾತು ಬಂದಾಗಲೆಲ್ಲ ಎಲ್ಲರ ಬಾಯಲ್ಲೂ ರೆಜೀನಾ ಜಾರ್ಜ್ ಹೆಸರೇ. ಅವಳ ಪಿಂಕ್ ಬಟ್ಟೆ, ಅವಳ ಕೊಬ್ಬು, ಅವಳ ಡೈಲಾಗು. ರೇಚಲ್ ಮೆಕ್‌ಆಡಮ್ಸ್ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ ಬೇರೆ ಏನೂ ಕಣ್ಣಿಗೆ ಬೀಳುವುದಿಲ್ಲ. ಆದರೆ ನನ್ನ ಮಟ್ಟಿಗೆ ಆ ಸಿನಿಮಾದ ಅತಿ ದೊಡ್ಡ ಪಾತ್ರ ಶಾಲೆಯ ಊಟದ ಹಾಲ್. ಅದರ ಬಗ್ಗೆ ಇಲ್ಲಿ ಚರ್ಚೆ ಮಾಡೋಣ ಅಂತ.

ನೋಡದವರಿಗೆ ಕಥೆ ಚುಟುಕಾಗಿ. ಕೇಟಿ ಹೆರನ್ ಅಂತ ಹದಿನಾರು ವರ್ಷದ ಹುಡುಗಿ, ಲಿಂಡ್ಸೆ ಲೋಹಾನ್ ಮಾಡಿದ್ದು. ಅಪ್ಪ ಅಮ್ಮ ಇಬ್ಬರೂ ಪ್ರಾಣಿಗಳ ಬಗ್ಗೆ ಸಂಶೋಧನೆ ಮಾಡುವವರು. ಇವಳು ಆಫ್ರಿಕಾದಲ್ಲಿ ಬೆಳೆದು, ಮನೆಯಲ್ಲೇ ಓದಿದವಳು. ಅಮ್ಮನಿಗೆ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯಲ್ಲಿ ಕೆಲಸ ಸಿಕ್ಕಿ ಇಲಿನಾಯ್ ರಾಜ್ಯದ ಎವನ್‌ಸ್ಟನ್‌ಗೆ ಬರುತ್ತಾರೆ. ಕೇಟಿ ಮೊದಲ ಸಲ ಶಾಲೆಯ ಮೆಟ್ಟಿಲು ಹತ್ತುತ್ತಾಳೆ. ಆ ದಿನ ಮಧ್ಯಾಹ್ನ ಯಾರ ಪಕ್ಕ ಕೂರಬೇಕು ಗೊತ್ತಾಗದೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅಲ್ಲೇ ಊಟ ಮಾಡುತ್ತಾಳೆ. ಆಮೇಲೆ ಜಾನಿಸ್, ಡೇಮಿಯನ್ ಅನ್ನುವ ಇಬ್ಬರು ಅವಳಿಗೆ ಊಟದ ಹಾಲ್‌ನ ನಕ್ಷೆ ಬರೆದುಕೊಡುತ್ತಾರೆ. ಯಾವ ಮೇಜಿನಲ್ಲಿ ಯಾವ ಗುಂಪು ಅಂತ. ಎಲ್ಲರಿಗಿಂತ ಮೇಲೆ 'ಪ್ಲಾಸ್ಟಿಕ್ಸ್': ರೆಜೀನಾ, ಗ್ರೆಚೆನ್, ಕ್ಯಾರೆನ್. ಅವರ ಒಳಗುಟ್ಟು ತಿಳಿಯಲು ಕೇಟಿ ಆ ಮೇಜಿಗೆ ಸೇರುತ್ತಾಳೆ. ನಾಟಕ ಆಡುತ್ತಾ ಆಡುತ್ತಾ ಅವರಲ್ಲೊಬ್ಬಳೇ ಆಗಿಬಿಡುತ್ತಾಳೆ.

ಈಗ ನನ್ನ ವಾದ. ಅಮೆರಿಕದ ಹೈಸ್ಕೂಲಿನಲ್ಲಿ ನಮ್ಮ ಥರ ಸೆಕ್ಷನ್ ಇರುವುದಿಲ್ಲ. ಟೀಚರ್ ತಮ್ಮ ರೂಮಿನಲ್ಲೇ ಇರುತ್ತಾರೆ, ಮಕ್ಕಳು ಬೆಲ್ ಹೊಡೆದ ಹಾಗೆ ರೂಮಿಂದ ರೂಮಿಗೆ ಓಡುತ್ತಾರೆ. ಒಬ್ಬೊಬ್ಬರ ಟೈಮ್‌ಟೇಬಲ್ ಒಂದೊಂದು ಥರ. ಗಣಿತಕ್ಕೆ ಪಕ್ಕದಲ್ಲಿ ಕೂತವಳು ಇಂಗ್ಲಿಷಿಗೆ ಇರುವುದಿಲ್ಲ. ನಮ್ಮಲ್ಲಿ 'ಎಂಟನೇ ಬಿ' ಅಂದರೆ ವರ್ಷಪೂರ್ತಿ ಅದೇ ರೂಮು, ಅದೇ ಅರವತ್ತು ಮುಖ. ಎತ್ತರ ನೋಡಿ ಮೇಷ್ಟ್ರೇ ಬೆಂಚು ಹಾಕಿಕೊಡುತ್ತಿದ್ದರು. ಇಷ್ಟ ಇರಲಿ ಬಿಡಲಿ, ಕೂರುವುದಕ್ಕೆ ಒಂದು ಜಾಗ ಅಂತೂ ಇರುತ್ತಿತ್ತು. ಅಮೆರಿಕದಲ್ಲಿ ಯಾರೂ ಯಾರಿಗೂ ಜಾಗ ಕೊಡದ ಹೊತ್ತು ಅಂದರೆ ಊಟದ ಹೊತ್ತು. ಆ ಅರ್ಧ ಗಂಟೆಯಲ್ಲಿ ನೀನು ಎಲ್ಲಿ ಕೂತೆಯೋ ಅದೇ ನಿನ್ನ ಬೆಲೆ.

ಪ್ಲಾಸ್ಟಿಕ್ಸ್ ಗುಂಪಿನ ನಿಯಮಗಳನ್ನೇ ನೋಡಿ. ಬುಧವಾರ ಪಿಂಕ್ ಹಾಕಬೇಕು. ಜುಟ್ಟು ವಾರಕ್ಕೆ ಒಂದೇ ಸಲ. ಜೀನ್ಸ್ ಶುಕ್ರವಾರ ಮಾತ್ರ. ತಪ್ಪಿದರೆ ಶಿಕ್ಷೆ ಏನು? ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಆ ದಿನ ಊಟಕ್ಕೆ ನಮ್ಮ ಮೇಜಿಗೆ ಬರಬೇಡ, ಅಷ್ಟೇ. ಮುಂದೆ ಒಂದು ದಿನ ರೆಜೀನಾಳೇ ದಪ್ಪಗಾಗಿ, ಬೇರೆ ಯಾವುದೂ ಹಿಡಿಸದೆ, ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬಂದಾಗ ಅದೇ ಶಿಕ್ಷೆ ಅವಳಿಗೂ ಬೀಳುತ್ತದೆ. ರಾಣಿಯನ್ನೇ ಎಬ್ಬಿಸಿ ಕಳಿಸುವ ಮೇಜು ಅದು. ಹಾಗಾದರೆ ದೊಡ್ಡದು ಯಾವುದು, ರಾಣಿಯಾ ಮೇಜಾ?

ಧಾರವಾಡದ ಪೇಡೆ

ಅಲ್ರಿ, ಇದು ಸ್ವಲ್ಪ ಜಾಸ್ತಿ ಆಯಿತು. ಹಾಲ್ ಕಟ್ಟಿದವರನ್ನು ಬೈದು ರೆಜೀನಾಳನ್ನು ಬಿಟ್ಟುಬಿಡುವುದಾ?

ಒಂದು ದೃಶ್ಯ ನೆನಪು ಮಾಡಿಕೊಳ್ರಿ. ಕಾರಿಡಾರಿನಲ್ಲಿ ಒಬ್ಬ ಹುಡುಗಿ ಎದುರಿಗೆ ಬರುತ್ತಾಳೆ. ರೆಜೀನಾ ಅವಳ ಸ್ಕರ್ಟು ನೋಡಿ, ಅಯ್ಯೋ ಎಷ್ಟು ಚೆಂದ ಐತಿ, ಎಲ್ಲಿ ತಗೊಂಡಿ ಅಂತ ಕೇಳುತ್ತಾಳೆ. ಆ ಹುಡುಗಿ ಅರಳಿಬಿಡುತ್ತಾಳೆ. ಅಮ್ಮನದು, ಹಳೇದು ಅಂತ ಹೇಳುತ್ತಾಳೆ. ಆ ಹುಡುಗಿ ನಾಲ್ಕು ಹೆಜ್ಜೆ ದಾಟಿದ್ದೇ ತಡ, ರೆಜೀನಾ ಇಂಥಾ ಕೆಟ್ಟ ಸ್ಕರ್ಟು ನಾನು ನೋಡೇ ಇಲ್ಲ ಅನ್ನುತ್ತಾಳೆ. ಅಲ್ಲಿ ಮೇಜು ಎಲ್ಲಿತ್ತು? ಯಾವ ನಿಯಮ ಹಾಗೆ ಮಾಡು ಅಂತ ಹೇಳಿತ್ತು?

ಇನ್ನೊಂದು. ತನ್ನ ಗೆಳತಿಗೆ ಇಷ್ಟ ಇದ್ದ ಹುಡುಗ ಬೇರೆ ಹುಡುಗಿ ಕಡೆ ವಾಲಿದ ಅಂತ, ಆ ಹುಡುಗಿಯ ಮನೆಗೆ ಫೋನು ಮಾಡುತ್ತಾಳೆ. ಕ್ಲಿನಿಕ್‌ನಿಂದ ಮಾತಾಡುವ ಹಾಗೆ ನಟಿಸಿ, ನಿಮ್ಮ ಮಗಳ ಪರೀಕ್ಷೆಯ ರಿಪೋರ್ಟ್ ಬಂದಿದೆ, ತುರ್ತಾಗಿ ಫೋನು ಮಾಡಲಿ ಅಂತ ಆ ತಾಯಿಗೆ ಹೇಳುತ್ತಾಳೆ. ಒಂದು ಫೋನಿನಲ್ಲಿ ಆ ಮನೆಯ ನೆಮ್ಮದಿ ಹಾಳು. ಇದು ಪೂರ್ತಿ ಸ್ವಂತ ಬುದ್ಧಿ. ನನ್ನ ಕ್ಲಾಸಿನಲ್ಲೂ ಇಂಥವಳು ಒಬ್ಬಳು ಇದ್ದಳು. ಸೆಕ್ಷನ್ ಇತ್ತು, ಬೆಂಚು ಇತ್ತು, ಎತ್ತರದ ಪ್ರಕಾರವೇ ಕೂರಿಸಿದ್ದರು. ಆದರೂ ನಾನು ಎರಡು ವರ್ಷ ನರಳಿದೆ. ಹಾಗಾಗಿ ಬೆಂಚಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ರೀಲ್ ಡಬ್ಬ

ಇಬ್ಬರ ಮಾತಿಗೂ ಸಿನಿಮಾದಲ್ಲಿ ಆಧಾರ ಇದೆ. ಅದಕ್ಕೆ ಕಾರಣ ಅದು ಹುಟ್ಟಿದ ರೀತಿ.

ಇದರ ಮೂಲ ಕಾದಂಬರಿ ಅಲ್ಲ. ರೊಸಲಿಂಡ್ ವೈಸ್‌ಮನ್ 2002ರಲ್ಲಿ ಬರೆದ 'ಕ್ವೀನ್ ಬೀಸ್ ಅಂಡ್ ವಾನ್ನಬೀಸ್' ಅನ್ನುವ ಪುಸ್ತಕ. ಹೆಣ್ಣುಮಕ್ಕಳ ತಂದೆ ತಾಯಿಗೆ ಬರೆದ ಮಾರ್ಗದರ್ಶಿ ಅದು. ಅದರಲ್ಲಿ ಕಥೆ ಇಲ್ಲ, ನಾಯಕಿ ಇಲ್ಲ. ಗುಂಪಿನಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಅನ್ನುವ ವಿವರ ಇದೆ. ರಾಣಿ, ಅವಳ ಬಲಗೈ, ಎಲ್ಲರ ಗುಟ್ಟು ಕೂಡಿಟ್ಟುಕೊಂಡು ಬೇಕಾದಾಗ ಖರ್ಚು ಮಾಡುವವಳು, ಎಲ್ಲ ಗುಂಪಿಗೂ ಹೋಗಿ ಬರುವವಳು, ಅನ್ಯಾಯ ಕಂಡೂ ಬಾಯಿ ಬಿಡಲಾಗದೆ ಒದ್ದಾಡುವವಳು, ಕೊನೆಗೆ ಪೆಟ್ಟು ತಿನ್ನುವವಳು. ಇದನ್ನು ಓದಿ ಟೀನಾ ಫೇ ಪೂರ್ತಿ ಕಥೆಯನ್ನು ತಾವೇ ಕಟ್ಟಿದರು. ಸಿನಿಮಾದಲ್ಲಿ ಗಣಿತದ ಟೀಚರ್ ಮಿಸ್ ನಾರ್ಬರಿ ಪಾತ್ರವೂ ಅವರದೇ. ಪುಸ್ತಕ ವ್ಯವಸ್ಥೆಯ ಬಗ್ಗೆ, ಸಿನಿಮಾ ಮನುಷ್ಯರ ಬಗ್ಗೆ. ನಿಮ್ಮಿಬ್ಬರ ಜಗಳವೂ ಅಲ್ಲೇ ಇದೆ.

ಇನ್ನೊಂದು ವಿಷಯ. ನಿರ್ದೇಶಕ ಮಾರ್ಕ್ ವಾಟರ್ಸ್. ಇವರ ಅಣ್ಣ ಡೇನಿಯಲ್ ವಾಟರ್ಸ್ ಅದಕ್ಕೂ ಹದಿನೈದು ವರ್ಷ ಮುಂಚೆ 'ಹೆದರ್ಸ್' ಬರೆದಿದ್ದರು. ವಿನೋನಾ ರೈಡರ್ ಇರುವ ಸಿನಿಮಾ. ಅಲ್ಲೂ ಶಾಲೆಯನ್ನು ಆಳುವ ಹುಡುಗಿಯರ ಗುಂಪು, ಮೂವರ ಹೆಸರೂ ಹೆದರ್. ಆದರೆ ಅದು ಕೊಲೆಗಳ ಕಥೆ, ಬಹಳ ಕಪ್ಪು ಹಾಸ್ಯ. ಅಣ್ಣ ಬರೆದಿದ್ದು, ತಮ್ಮ ತೆಗೆದಿದ್ದು ಎರಡನ್ನೂ ಒಟ್ಟಿಗೆ ನೋಡಿ. 'ಹೆದರ್ಸ್'ನಲ್ಲಿ ಅಧಿಕಾರದ ಗುರುತು ಒಂದು ಕೆಂಪು ಹೇರ್‌ಬ್ಯಾಂಡ್. ಮೊದಲ ರಾಣಿ ಸತ್ತ ಮೇಲೆ ಅದು ಎರಡನೆಯವಳ ತಲೆಗೆ ಬರುತ್ತದೆ. ಕೊನೆಗೆ ನಾಯಕಿ ಅದನ್ನು ಅವಳ ಕೂದಲಿಂದ ಕಿತ್ತು ತಾನು ಕಟ್ಟಿಕೊಳ್ಳುತ್ತಾಳೆ. ಒಳ್ಳೆಯವಳ ಕೈಗೆ ಬಂದರೂ ಅಧಿಕಾರ ಅಧಿಕಾರವೇ. 'ಮೀನ್ ಗರ್ಲ್ಸ್'ನಲ್ಲಿ ಕೇಟಿಗೆ ಶಾಲೆಯ ಡ್ಯಾನ್ಸ್ ರಾತ್ರಿ ರಾಣಿಯ ಪ್ಲಾಸ್ಟಿಕ್ ಕಿರೀಟ ಸಿಗುತ್ತದೆ. ಅವಳು ಅದನ್ನು ವೇದಿಕೆಯ ಮೇಲೆ ಮುರಿದು ಚೂರು ಚೂರು ಮಾಡಿ ಎಲ್ಲರ ಕಡೆ ಎಸೆಯುತ್ತಾಳೆ. ಒಂದು ಚೂರು ರೆಜೀನಾಗೂ ಹೋಗುತ್ತದೆ. ಹೈಸ್ಕೂಲ್ ಸಿನಿಮಾಗಳಲ್ಲಿ ಇದಕ್ಕಿಂತ ಒಳ್ಳೆ ಕೊನೆಯನ್ನು ನಾನು ನೋಡಿಲ್ಲ.

ಇನ್ನು ಜಾನಿಸ್. ಅವಳ ಪೂರ್ತಿ ಹೆಸರು ಜಾನಿಸ್ ಇಯನ್. ಅದು ಒಬ್ಬ ಗಾಯಕಿಯ ಹೆಸರು. ಟೀನಾ ಫೇ ಮುಖ್ಯ ಬರಹಗಾರ್ತಿಯಾಗಿದ್ದ 'ಸ್ಯಾಟರ್ಡೇ ನೈಟ್ ಲೈವ್' ಅನ್ನುವ ಅಮೆರಿಕದ ಟಿವಿ ಹಾಸ್ಯ ಕಾರ್ಯಕ್ರಮದ ಮೊಟ್ಟಮೊದಲ ಕಂತಿನಲ್ಲಿ, 1975ರ ಅಕ್ಟೋಬರ್ 11ರಂದು, ಆ ಗಾಯಕಿ ಹಾಡಿದ್ದರು. ಹಾಡಿದ್ದು ಯಾರೂ ಕಣ್ಣೆತ್ತಿ ನೋಡದ ಹದಿನೇಳು ವರ್ಷದ ಹುಡುಗಿಯ ಹಾಡು. ಹೆಸರು ಸುಮ್ನೆ ಇಟ್ಟಿದ್ದಲ್ಲ.

ಟೀಚರಮ್ಮ

ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಈ ಚರ್ಚೆ ನೋಡಿ ಬಿ.ಎಡ್. ಮಾಡುವಾಗ ಓದಿದ್ದು ನೆನಪಾಯಿತು.

ಜೇಮ್ಸ್ ಕೋಲ್‌ಮನ್ ಅಂತ ಸಮಾಜಶಾಸ್ತ್ರಜ್ಞರು. 1961ರಲ್ಲಿ 'ದಿ ಅಡೋಲೆಸೆಂಟ್ ಸೊಸೈಟಿ' ಅಂತ ಪುಸ್ತಕ ಬರೆದರು. 10 ಹೈಸ್ಕೂಲುಗಳ ಮಕ್ಕಳನ್ನು ಮಾತಾಡಿಸಿ ಬರೆದದ್ದು. ಆ ಶಾಲೆಗಳು ಇದ್ದದ್ದೂ ಇಲಿನಾಯ್ ರಾಜ್ಯದಲ್ಲೇ, ಕೇಟಿಯ ಶಾಲೆ ಇರುವ ರಾಜ್ಯ. ಅವರು ಮಕ್ಕಳಿಗೆ ಒಂದು ಪ್ರಶ್ನೆ ಕೇಳಿದರು: ಶಾಲೆಯಲ್ಲಿ ನಿನ್ನನ್ನು ಯಾವುದಕ್ಕೆ ನೆನಪಿಟ್ಟುಕೊಳ್ಳಬೇಕು? ಚೆನ್ನಾಗಿ ಓದಿದ್ದಕ್ಕಾ, ಆಟದಲ್ಲಿ ಮಿಂಚಿದ್ದಕ್ಕಾ, ಎಲ್ಲರಿಗೂ ಬೇಕಾದವನಾಗಿದ್ದಕ್ಕಾ? ಗಂಡುಮಕ್ಕಳಲ್ಲಿ ಅತಿ ಹೆಚ್ಚು ಜನ ಆಟ ಅಂದರು. ಹೆಣ್ಣುಮಕ್ಕಳಿಗೆ ಆಟದ ಬದಲು ಚಟುವಟಿಕೆಗಳಲ್ಲಿ ಮುಂದಾಳಾಗಿದ್ದಕ್ಕಾ ಅಂತ ಕೇಳಿದ್ದರು, ಅಲ್ಲೂ ಓದು ಹಿಂದೆ ಬಿತ್ತು.

ಕಾರಣವನ್ನೂ ಕೋಲ್‌ಮನ್ ಹೇಳಿದರು. ಪಂದ್ಯದಲ್ಲಿ ಗೋಲು ಹೊಡೆದವನು ಇಡೀ ಶಾಲೆಯನ್ನು ಗೆಲ್ಲಿಸುತ್ತಾನೆ. ಓದಿನಲ್ಲಿ ಮುಂದೆ ಬಂದವನು ಪಕ್ಕದವನನ್ನು ಹಿಂದೆ ಹಾಕಿ ಬರುತ್ತಾನೆ. ಅದಕ್ಕೆ ಮಕ್ಕಳು ಆಟಗಾರನನ್ನು ಹೊತ್ತು ಮೆರೆಸುತ್ತಾರೆ, ಓದುವವನನ್ನು ಕೆಣಕುತ್ತಾರೆ. ಹಾಗಿದ್ದರೆ ಶಾಲೆ ಶಾಲೆಗಳ ನಡುವೆ ಓದಿನ ಪಂದ್ಯ ನಡೆಸಿ ನೋಡಿ ಅಂತ ಅವರ ಸಲಹೆ.

ಈಗ ಕೇಟಿಯ ಕಥೆ ನೋಡಿ. ಅವಳಿಗೆ ಗಣಿತ ನೀರು ಕುಡಿದಷ್ಟು ಸುಲಭ. ಮುಂದಿನ ಬೆಂಚಿನ ಹುಡುಗ ಹೇಳಿಕೊಡಲಿ ಅಂತ ಬೇಕುಬೇಕೆಂದೇ ಲೆಕ್ಕ ತಪ್ಪು ಮಾಡುತ್ತಾಳೆ, ಟೆಸ್ಟಿನಲ್ಲಿ ಫೇಲಾಗುತ್ತಾಳೆ. ಪಾಠ ಮಾಡುವವಳಾಗಿ ನನಗೆ ಅತಿ ಹೆಚ್ಚು ನೋವಾದ ಜಾಗ ಅದು. ಕೊನೆಗೆ ಅವಳನ್ನು ಮತ್ತೆ ಅವಳನ್ನಾಗಿ ಮಾಡುವುದು ಏನು? ರಾಜ್ಯಮಟ್ಟದ ಗಣಿತ ಸ್ಪರ್ಧೆ. ತಂಡ ಕಟ್ಟಿಕೊಂಡು, ಶಾಲೆಯ ಹೆಸರಿನ ಜಾಕೆಟ್ ಹಾಕಿಕೊಂಡು, ಬೇರೆ ಶಾಲೆಯ ಎದುರು. ಕೋಲ್‌ಮನ್ ಹೇಳಿದ್ದು ಅದನ್ನೇ ಅಲ್ವಾ?

ನಮ್ಮ ಕಡೆ ಲೆಕ್ಕಾಚಾರವೇ ಬೇರೆ. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ವಾರ ಯಾವ ಊರಿಗೆ ಹೋದರೂ ಶಾಲೆಯ ಗೇಟಿಗೆ ಫ್ಲೆಕ್ಸ್ ಕಟ್ಟಿರುತ್ತಾರೆ. ಮಧ್ಯದಲ್ಲಿ 625ಕ್ಕೆ ಇಷ್ಟು ಅಂತ ತೆಗೆದ ಮಗುವಿನ ಫೋಟೋ, ಸುತ್ತ ಉಳಿದವರು, ಅಂಕಕ್ಕೆ ತಕ್ಕ ಹಾಗೆ ಫೋಟೋ ಚಿಕ್ಕದಾಗುತ್ತಾ ಹೋಗುತ್ತದೆ. ಓದುವ ಮಗು ಇಲ್ಲಿ ಇಡೀ ಶಾಲೆಯ ಮಾನ. ಅದು ಒಳ್ಳೆಯದೇ. ಆದರೆ ನಮ್ಮ ಪಾಪ್ಯುಲಾರಿಟಿಯ ಮೇಜು ಆ ಫ್ಲೆಕ್ಸೇ. 410 ತೆಗೆದ ನನ್ನ ಹುಡುಗಿ, ಮನೆಯಲ್ಲಿ ಎಮ್ಮೆ ಕರೆದು ಮುಗಿಸಿ ಶಾಲೆಗೆ ಬಂದವಳು, ಅದರಲ್ಲಿ ಎಲ್ಲೂ ಇರುವುದಿಲ್ಲ.

ಎಡಿಸನ್ ಅಮ್ಮ

ನ್ಯೂಜೆರ್ಸಿಯಿಂದ. ಮಗಳು ಈಗ ಹತ್ತನೇ ಕ್ಲಾಸು. ಕಿಟಕಿ ಪಕ್ಕದ ಸೀಟು ಅವರು ಹೇಳಿದ್ದು ಅಕ್ಷರಶಃ ನಿಜ.

ಇಲ್ಲಿ ಬೇಸಿಗೆ ರಜೆ ಮುಗಿಯುವ ಮುಂಚೆ ಶಾಲೆಯವರು ಆನ್‌ಲೈನಿನಲ್ಲಿ ಟೈಮ್‌ಟೇಬಲ್ ಬಿಡುತ್ತಾರೆ. ಬಂದ ತಕ್ಷಣ ಮಕ್ಕಳು ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುತ್ತಾರೆ. ಯಾವ ಟೀಚರ್, ಯಾವ ಸಬ್ಜೆಕ್ಟ್ ಅಂತ ನೋಡುವುದಕ್ಕಲ್ಲ. ನನ್ನ ಮಗಳು ಮೊದಲು ಹುಡುಕುವ ಸಾಲು ಊಟದ್ದು. ಶಾಲೆಯಲ್ಲಿ ಮಕ್ಕಳು ಜಾಸ್ತಿ, ಎಲ್ಲರಿಗೂ ಒಂದೇ ಹೊತ್ತಿಗೆ ಊಟ ಹಾಕಲು ಆಗುವುದಿಲ್ಲ, ಪಾಳಿ ಮಾಡಿರುತ್ತಾರೆ. ಗೆಳತಿಯರು ಎಲ್ಲರೂ ಒಂದು ಪಾಳಿ, ಇವಳೊಬ್ಬಳೇ ಇನ್ನೊಂದು ಅಂತಾದರೆ ಆ ವರ್ಷ ಹೇಗೆ ಹೋಗುತ್ತದೆ ಅಂತ ಆಗಲೇ ಗೊತ್ತಾಗಿಬಿಡುತ್ತದೆ. ಕಳೆದ ವರ್ಷ ಹಾಗೇ ಆಯಿತು. ಸೆಪ್ಟೆಂಬರ್ ಪೂರ್ತಿ ಲೈಬ್ರರಿಯಲ್ಲಿ ಕೂತು ಓದುತ್ತಿದ್ದೆ ಅಂದಳು. ಊಟದ ಡಬ್ಬಿ ಹಾಗೇ ವಾಪಸ್ ಬರುತ್ತಿತ್ತು, ಲೈಬ್ರರಿಯಲ್ಲಿ ತಿನ್ನುವ ಹಾಗಿಲ್ಲವಲ್ಲ. ನನಗೆ ಕೇಟಿ ಬಾತ್‌ರೂಮಿನಲ್ಲಿ ತಿನ್ನುವ ದೃಶ್ಯ ನೋಡಿ ನಗು ಬರುವುದಿಲ್ಲ.

ಆಮೇಲೆ ಅವಳನ್ನು ಎತ್ತಿದ್ದು ಆರ್ಕೆಸ್ಟ್ರಾ ಕ್ಲಾಸು. ಪಿಟೀಲು ನುಡಿಸುವ ಇನ್ನೊಬ್ಬ ಹುಡುಗಿ ಅದೇ ಪಾಳಿಯಲ್ಲಿ ಸಿಕ್ಕಳು. ಟೀಚರಮ್ಮ ಹೇಳಿದ ಹಾಗೆ, ಒಟ್ಟಿಗೆ ಮಾಡುವ ಕೆಲಸ ಒಂದು ಇದ್ದರೆ ಮೇಜು ತಾನಾಗಿ ಸಿಗುತ್ತದೆ.

ಕುಂದಾಪುರದ ಮಾಣಿ

ಮಾರಾಯ್ರೆ, ಇಷ್ಟು ಹೊತ್ತು ಮಾತಾಡಿದರೂ ಒಬ್ಬರೂ ಕ್ಯಾರೆನ್ ಶೆಟ್ಟಿ ವಿಷಯ ಎತ್ತಲಿಲ್ಲವಲ್ಲ!

ಗೊತ್ತಿಲ್ಲದವರಿಗೆ: 'ಮೀನ್ ಗರ್ಲ್ಸ್' 2018ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ಸಂಗೀತ ನಾಟಕ ಆಯಿತು. ಅದನ್ನೇ ಇಟ್ಟುಕೊಂಡು 2024ರ ಜನವರಿಯಲ್ಲಿ ಹೊಸ ಸಿನಿಮಾ ಬಂತು. ಹಳೆಯದರಲ್ಲಿ ಅಮಾಂಡಾ ಸೈಫ್ರೆಡ್ ಮಾಡಿದ ಪಾತ್ರ ಕ್ಯಾರೆನ್ ಸ್ಮಿತ್. ಹೊಸದರಲ್ಲಿ ಅವಂತಿಕಾ ವಂದನಪು ಅದನ್ನು ಮಾಡಿದರು. ತೆಲುಗು ಮನೆಯ ಅಮೆರಿಕನ್ ಹುಡುಗಿ. ಪಾತ್ರದ ಹೆಸರು ಕ್ಯಾರೆನ್ ಶೆಟ್ಟಿ ಆಯಿತು. ನಮ್ಮ ಊರಿನಲ್ಲಿ ಕಲ್ಲು ಎಸೆದರೆ ಒಬ್ಬ ಶೆಟ್ರಿಗೆ ತಾಗುತ್ತದೆ. ಆ ಹೆಸರು ಹಾಲಿವುಡ್ ಶಾಲೆಯ ಅತಿ ಪಾಪ್ಯುಲರ್ ಮೇಜಿನಲ್ಲಿ ಕೂತಿತು ಅಂದರೆ ನನಗೆ ಎಷ್ಟು ಖುಷಿ ಆಗಿರಬೇಡ.

2004ರದ್ದರಲ್ಲಿ ನಮ್ಮವರ ಲೆಕ್ಕಕ್ಕೆ ಇದ್ದದ್ದು ಕೆವಿನ್ ನಪೂರ್. ಗಣಿತ ತಂಡದ ಕ್ಯಾಪ್ಟನ್. ರಾಜೀವ್ ಸುರೇಂದ್ರ ಅಂತ ಶ್ರೀಲಂಕಾ ತಮಿಳು ಮೂಲದ ಕೆನಡಾ ನಟ ಮಾಡಿದ್ದು. ಆಸಾಮಿ ಟ್ಯಾಲೆಂಟ್ ಶೋನಲ್ಲಿ ರ‍್ಯಾಪ್ ಹೇಳುವುದು ಮಜವಾಗಿದೆ, ನಾನೂ ಬಾಯಿಪಾಠ ಮಾಡಿದ್ದೆ. ಆದರೆ ಅಂಥ ಮನೆಹೆಸರು ಭಾರತದಲ್ಲಿ ನಾನೆಲ್ಲೂ ಕೇಳಿಲ್ಲ. ಮತ್ತೆ ಭಾರತೀಯ ಅಂದ ಮೇಲೆ ಗಣಿತದಲ್ಲಿ ಹುಲಿ ಆಗಲೇಬೇಕು ಅನ್ನುವ ಹಳೆ ಪಾಠ. ಇಪ್ಪತ್ತು ವರ್ಷ ಆದಮೇಲೆ ಬಂದ ಶೆಟ್ಟಿ ಹುಡುಗಿಗೆ ಗಣಿತದ ಗಂಧವೇ ಇಲ್ಲ. ಚೆಂದ ಇದ್ದಾಳೆ, ಎಲ್ಲರನ್ನೂ ನಗಿಸುತ್ತಾಳೆ, ಮನಸ್ಸು ಒಳ್ಳೆಯದು. ಅವಳು ಭಾರತೀಯಳು ಅಂತ ಯಾರೂ ವಿವರಿಸುವುದೂ ಇಲ್ಲ. ಅದೇ ನನಗೆ ಹಿಡಿಸಿದ್ದು.

ಎಡಿಸನ್ ಅಮ್ಮ

@ಕುಂದಾಪುರದ ಮಾಣಿ, ನನ್ನ ಮಗಳೂ ಇದನ್ನೇ ಹೇಳಿದ್ದು! ಇಲ್ಲಿ ಭಾರತೀಯ ಮಗು ಅಂದರೆ ಸ್ಪೆಲಿಂಗ್ ಸ್ಪರ್ಧೆ, ಗಣಿತದ ಕ್ಲಬ್ಬು ಅಂತ ಅಂದುಕೊಂಡುಬಿಡುತ್ತಾರೆ. ಲೆಕ್ಕ ಬರದ ಭಾರತೀಯ ಹುಡುಗಿಯನ್ನು ಪರದೆ ಮೇಲೆ ನೋಡಿ ಅವಳಿಗೆ ಎದೆ ಹಗುರ ಆಯಿತಂತೆ. ನನಗೆ ಮೊದಲು ಕಸಿವಿಸಿ ಆಯಿತು. ಆಮೇಲೆ ಯೋಚನೆ ಮಾಡಿದರೆ ಅವಳು ಹೇಳಿದ್ದರಲ್ಲಿ ಅರ್ಥ ಇದೆ.

ಇನ್ನೂ ಪಿಯು

ನಾನು ಮೈಸೂರು, ಎರಡನೇ ಪಿಯು. ದೊಡ್ಡವರ ಮಧ್ಯೆ ಮಾತಾಡುತ್ತಿದ್ದೇನೆ, ಆದರೆ ಒಂದೆರಡು ವಿಷಯ ಹೇಳಲೇಬೇಕು.

ನಾನು ಇದನ್ನು ನೋಡಿದ್ದು ತುಂಡು ತುಂಡಾಗಿ. ಆ ಸಿನಿಮಾದಲ್ಲಿ ಅಕ್ಟೋಬರ್ 3 ಅಂತ ಒಂದು ಮಾತು ಬರುತ್ತದೆ, ಅಭಿಮಾನಿಗಳು ಆ ದಿನವನ್ನು ಹಬ್ಬದ ಹಾಗೆ ಆಚರಿಸುತ್ತಾರೆ. 2023ರ ಆ ದಿನ ಪ್ಯಾರಾಮೌಂಟ್ ಕಂಪನಿ ಪೂರ್ತಿ ಸಿನಿಮಾವನ್ನು 23 ತುಂಡು ಮಾಡಿ ಟಿಕ್‌ಟಾಕ್‌ಗೆ ಹಾಕಿತ್ತು. ಇಲ್ಲಿ ಟಿಕ್‌ಟಾಕ್ ಇಲ್ಲ, ಆದರೆ ತುಂಡುಗಳು ಇನ್‌ಸ್ಟಾಗ್ರಾಮಿಗೆ ಬಂದೇ ಬರುತ್ತವೆ. ಆಮೇಲೆ ಪೂರ್ತಿ ಕೂತು ನೋಡಿದಾಗ ಕೆಲವು ಜಾಗ ಚುಚ್ಚಿತು. ಆ ಊಟದ ಹಾಲ್‌ನ ನಕ್ಷೆಯಲ್ಲಿ ಮಕ್ಕಳನ್ನು ಬಣ್ಣ, ಜನಾಂಗ ನೋಡಿ ವಿಂಗಡಿಸಿದ್ದಾರೆ, ಮತ್ತೆ ಅದಕ್ಕೆ ನಗಬೇಕು. ಆಫ್ರಿಕಾ ಅಂದರೆ ಒಂದೇ ದೇಶ, ಬರೀ ಕಾಡುಪ್ರಾಣಿ ಅನ್ನುವ ಹಾಗೆ ತೋರಿಸಿದ್ದಾರೆ. ಪಿ.ಟಿ. ಮೇಷ್ಟ್ರು ವಿದ್ಯಾರ್ಥಿನಿಯರ ಹಿಂದೆ ಬೀಳುವುದು ತಮಾಷೆಯ ವಿಷಯ ಆಗಿದೆ. ಅದು ತಮಾಷೆ ಹೇಗಾಗುತ್ತದೆ? ಯಾರಾದರೂ ಇದನ್ನು ಮಕ್ಕಳಿಗೆ ತೋರಿಸುವುದಾದರೆ ಈ ಜಾಗಗಳಲ್ಲಿ ನಿಲ್ಲಿಸಿ ಮಾತಾಡಬೇಕು.

ಎರಡನೆಯದು, ಬರ್ನ್ ಬುಕ್. ಪ್ಲಾಸ್ಟಿಕ್ಸ್ ಹುಡುಗಿಯರು ಎಲ್ಲರ ಬಗ್ಗೆ ಕೆಟ್ಟದಾಗಿ ಬರೆದಿಟ್ಟುಕೊಳ್ಳುವ ಪಿಂಕ್ ಪುಸ್ತಕ. ರೆಜೀನಾ ಅದರಲ್ಲಿ ತನ್ನ ಫೋಟೋವನ್ನೂ ಅಂಟಿಸಿ ಪ್ರಿನ್ಸಿಪಾಲರಿಗೆ ಕೊಟ್ಟು, ಪುಟಗಳನ್ನು ಜೆರಾಕ್ಸ್ ಮಾಡಿ ಕಾರಿಡಾರಿನ ತುಂಬ ಚೆಲ್ಲುತ್ತಾಳೆ. ಅಲ್ಲಿ ಕೊನೇಪಕ್ಷ ಕಾಗದ ಇತ್ತು, ಕೈಬರಹ ಇತ್ತು. ನಮಗೆ ಇರುವುದು ಕನ್ಫೆಶನ್ ಪೇಜು. ಕಾಲೇಜಿನ ಹೆಸರಲ್ಲಿ ಯಾರೋ ಇನ್‌ಸ್ಟಾ ಖಾತೆ ತೆಗೆಯುತ್ತಾರೆ. ಯಾರು ಬೇಕಾದರೂ ಹೆಸರು ಹಾಕದೆ ಕಳಿಸಬಹುದು. ನನ್ನ ಗೆಳತಿಯ ಬಗ್ಗೆ ಹಾಕಿದರು. ಅವಳ ಹೆಸರು ಬರೆದಿರಲಿಲ್ಲ. ಕಾಮರ್ಸ್ ಸೆಕ್ಷನ್ನು, ಎರಡು ಜಡೆ, ಸ್ಕೂಟಿ ಬಣ್ಣ, ಅಷ್ಟೇ. ಒಂದು ಗಂಟೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಅವಳು ಮಾರನೇ ದಿನ ಅಪ್ಪನ ಬೈಕಿನಲ್ಲಿ ಬಂದಳು. ಜಡೆ ಬಿಚ್ಚಿ ಜುಟ್ಟು ಕಟ್ಟಿದ್ದಳು. ಇಲ್ಲಿ ರೆಜೀನಾ ಯಾರು ಅಂತ ನಾನು ಹೇಳಲಿ? ಲೈಕ್ ಒತ್ತಿದವರು ನೂರಾರು ಜನ.

ಧಾರವಾಡದ ಪೇಡೆ

ತಂಗಿ, ನಿನ್ನ ಗೆಳತಿ ಈಗ ಹೇಗಿದ್ದಾಳೆ? ಅವಳ ಜೊತೆ ಯಾರಾದರೂ ಕೂರುತ್ತಾರಾ?

ಇನ್ನೂ ಪಿಯು

ನಾನು ಕೂರುತ್ತೇನೆ ಅಕ್ಕ. ಈಗ ಪರವಾಗಿಲ್ಲ. ಲೆಕ್ಚರರ್ ಒಬ್ಬರಿಗೆ ಹೇಳಿದೆವು, ಪೇಜು ರಿಪೋರ್ಟ್ ಮಾಡಿಸಿದರು. ಅದು ಹೋಯಿತು. ಇನ್ನೊಂದು ಹೆಸರಲ್ಲಿ ಮತ್ತೆ ಬಂತು, ಅದನ್ನೂ ಮಾಡಿಸಿದೆವು.

ಕಿಟಕಿ ಪಕ್ಕದ ಸೀಟು

@ಇನ್ನೂ ಪಿಯು, ನೀನು ಮಾಡಿದ್ದು ದೊಡ್ಡ ಕೆಲಸ. ನಿಲ್ಲಿಸಬೇಡ.

@ಧಾರವಾಡದ ಪೇಡೆ, ಸ್ಕರ್ಟಿನ ದೃಶ್ಯ ನನಗೂ ಮರೆಯಲು ಆಗುವುದಿಲ್ಲ. ರೆಜೀನಾ ನಿರಪರಾಧಿ ಅಂತ ನಾನು ಹೇಳುತ್ತಿಲ್ಲ. ಆದರೆ ಗ್ರೆಚೆನ್‌ಳ ಕಿವಿಯೋಲೆಯ ಮಾತು ನೆನಪಿದೆಯಾ? ಹಬ್ಬಕ್ಕೆ ಅಪ್ಪ ಅಮ್ಮ ಅವಳಿಗೆ ದುಬಾರಿ ಬಿಳಿ ಚಿನ್ನದ ರಿಂಗು ಕೊಡಿಸಿರುತ್ತಾರೆ. ರಿಂಗು ಹಾಕುವುದು ನನ್ನ ಸ್ಟೈಲು, ನೀನು ಹಾಕಬೇಡ ಅಂತ ರೆಜೀನಾ ಹೇಳಿರುತ್ತಾಳೆ. ಅವಳು ಅಪ್ಪ ಅಮ್ಮನ ಎದುರು, ನನಗೆ ಇದು ಇಷ್ಟ ಆಗಲಿಲ್ಲ ಅಂತ ಸುಳ್ಳು ಹೇಳಬೇಕಾಗುತ್ತದೆ. ಅದನ್ನು ಹೇಳುವಾಗ ಗ್ರೆಚೆನ್ ಪಾತ್ರ ಮಾಡಿದ ಲೇಸಿ ಶಬೇರ್ ಮುಖ ನೋಡಿ. ಒಬ್ಬ ಹುಡುಗಿ ಮನೆಯಲ್ಲಿ ಪ್ರೀತಿಯಿಂದ ಕೊಟ್ಟದ್ದನ್ನೇ ಬೇಡ ಅನ್ನುತ್ತಾಳೆ, ಮಧ್ಯಾಹ್ನ ಒಂದು ಕುರ್ಚಿ ಉಳಿಯಲಿ ಅಂತ. ರೆಜೀನಾ ಕೆಟ್ಟವಳಿರಬಹುದು. ಅವಳ ಮಾತಿಗೆ ಅಷ್ಟು ಬೆಲೆ ಬರುವುದು ಆ ಕುರ್ಚಿಯಿಂದ. ಕುರ್ಚಿಗೆ ಬೆಲೆ ಇಲ್ಲದ ಕಡೆ ರೆಜೀನಾ ಬರೀ ಬಾಯಿ ಜೋರಿರುವ ಹುಡುಗಿ.

ಟೀಚರಮ್ಮ

ಪಾಪ್ಯುಲರ್ ಅಂದರೆ ಎಲ್ಲರಿಗೂ ಇಷ್ಟ ಆದವರು ಅಂತ ಅಂದುಕೊಳ್ಳುತ್ತೇವೆ. ಅದು ಹಾಗಲ್ಲ. ಪಾರ್ಕ್‌ಹರ್ಸ್ಟ್, ಹಾಪ್‌ಮೆಯರ್ ಅನ್ನುವ ಇಬ್ಬರು 1998ರಲ್ಲಿ ಒಂದು ಅಧ್ಯಯನ ಬರೆದಿದ್ದಾರೆ. ಮಕ್ಕಳಿಗೆ ಎರಡು ಪ್ರಶ್ನೆ ಬೇರೆ ಬೇರೆ ಕೇಳಿದರು: ಯಾರು ಪಾಪ್ಯುಲರ್? ನಿನಗೆ ಯಾರು ಇಷ್ಟ? ಎರಡಕ್ಕೂ ಬಂದ ಹೆಸರುಗಳು ಪೂರ್ತಿ ಹೊಂದಲಿಲ್ಲ. ಪಾಪ್ಯುಲರ್ ಆದ ಎಷ್ಟೋ ಮಕ್ಕಳು ಹೆಚ್ಚಿನವರಿಗೆ ಇಷ್ಟ ಇರಲಿಲ್ಲ. ಅವರನ್ನು ಜೋರಿನವರು, ಜಂಬದವರು ಅಂತ ಮಕ್ಕಳೇ ಹೇಳಿದರು. ಜಿಮ್ನಾಸಿಯಂನಲ್ಲಿ ಮಿಸ್ ನಾರ್ಬರಿ ಹುಡುಗಿಯರಿಗೆ ಕಣ್ಣು ಮುಚ್ಚಿಸಿ ಕೈ ಎತ್ತಿಸುವ ದೃಶ್ಯ ಇದೆಯಲ್ಲ, ನಿಮ್ಮ ಬೆನ್ನ ಹಿಂದೆ ಯಾರಾದರೂ ಆಡಿಕೊಂಡಿದ್ದಾರಾ, ನೀವು ಯಾರ ಬಗ್ಗೆಯಾದರೂ ಆಡಿಕೊಂಡಿದ್ದೀರಾ ಅಂತ, ಎರಡಕ್ಕೂ ಎಲ್ಲ ಕೈಗಳೂ ಮೇಲೆ. ಆ ದೃಶ್ಯ ನನಗೆ ಬಹಳ ಇಷ್ಟ. ಅದನ್ನು ನನ್ನ ಒಂಬತ್ತನೇ ಕ್ಲಾಸಿನಲ್ಲಿ ತೋರಿಸಬೇಕು ಅಂತ ಇದೆ. ಯಾವ ಸಿನಿಮಾ ತೋರಿಸಲಿ, ಹಳೆಯದಾ ಹೊಸದಾ? ಊಟದ ಹಾಲ್ ನಕ್ಷೆ ತೋರಿಸಿ, ನಮ್ಮ ಶಾಲೆಯ ನಕ್ಷೆ ಬರೆಯಿರಿ ಅಂತ ಮಕ್ಕಳಿಗೆ ಹೇಳಿದರೆ ಹೇಗಿರುತ್ತದೆ?

ರೀಲ್ ಡಬ್ಬ

ಹಳೆಯದು, ಮೇಡಂ. ಹೊಸದು ಹಾಡುಗಳಿಂದ ಚೆನ್ನಾಗಿದೆ, ಆದರೆ ಜಗಳ ಮೊನಚಾಗಿಲ್ಲ. ಹಳೆಯದರಲ್ಲೂ ಪೂರ್ತಿ ಬೇಡ. ಅಮೆರಿಕದಲ್ಲಿ 13 ವರ್ಷದೊಳಗಿನ ಮಕ್ಕಳಿಗೆ ಕೆಲವು ಭಾಗ ತಕ್ಕದ್ದಲ್ಲ ಅಂತ ತಂದೆ ತಾಯಿಗೆ ಎಚ್ಚರಿಸುವ ಸರ್ಟಿಫಿಕೇಟ್ ಕೊಟ್ಟಿದ್ದಾರೆ, ನಮ್ಮ ಒಂಬತ್ತನೇ ಕ್ಲಾಸಿಗೆ ಕೆಲವು ಮಾತು ಮುಜುಗರ. ಜಿಮ್ನಾಸಿಯಂ ದೃಶ್ಯ, ಗಣಿತದ ಫೈನಲ್ಲು, ಕಿರೀಟ, ಈ ಮೂರು ಸಾಕು. ಫೈನಲ್ಲಿನಲ್ಲಿ ಕೇಟಿ ಎದುರಾಳಿ ಹುಡುಗಿಯ ಹುಬ್ಬು, ಬಟ್ಟೆ ಎಲ್ಲ ನೋಡಿ ಮನಸ್ಸಲ್ಲೇ ಹೀಯಾಳಿಸಲು ಶುರು ಮಾಡುತ್ತಾಳೆ. ತಕ್ಷಣ ಅವಳಿಗೇ ಹೊಳೆಯುತ್ತದೆ: ಅವಳನ್ನು ಕುರೂಪಿ ಅಂದರೆ ಲೆಕ್ಕ ಬಿಡಿಸಿದ ಹಾಗಾಗುವುದಿಲ್ಲ. ಎದುರಿಗಿರುವ ಲೆಕ್ಕ ಬಿಡಿಸಬೇಕು, ಅಷ್ಟೇ. ಆ ಒಂದು ನಿಮಿಷ ಯಾವ ಭಾಷೆಯ ಮಗುವಿಗೂ ಅರ್ಥ ಆಗುತ್ತದೆ.

ಧಾರವಾಡದ ಪೇಡೆ

ಟೀಚರಮ್ಮ, ನಕ್ಷೆ ಮಾತ್ರ ಬರೆಸಬೇಡ್ರಿ. ಕೈ ಮುಗಿಯುತ್ತೇನೆ. ನಕ್ಷೆ ಬರೆದ ಕೂಡಲೇ ಒಬ್ಬಳೇ ಕೂರುವ ಹುಡುಗಿಗೆ ಒಂದು ಹೆಸರು ಬೀಳುತ್ತದೆ. ಎಲ್ಲರಿಗೂ ಗೊತ್ತಿದ್ದರೂ ಬಾಯಿಬಿಟ್ಟು ಹೇಳದೆ ಇದ್ದದ್ದು ಕಾಗದದ ಮೇಲೆ ಬರುತ್ತದೆ. ನನ್ನ ಶಾಲೆಯಲ್ಲಿ ಯಾರಾದರೂ ಅಂಥದ್ದು ಬರೆಸಿದ್ದರೆ ನಾನು ಮಾರನೇ ದಿನ ಶಾಲೆಗೆ ಹೋಗುತ್ತಿರಲಿಲ್ಲ.

ಟೀಚರಮ್ಮ

ನೀವು ಹೇಳಿದ್ದು ಸರಿ. ನಕ್ಷೆ ಬೇಡ.

ಕಿಟಕಿ ಪಕ್ಕದ ಸೀಟು

ಮೇಡಂ, ನಿಮ್ಮ ಶಾಲೆಯಲ್ಲಿ ಬಿಸಿಯೂಟ ಇರುತ್ತದಲ್ಲ, ಅಲ್ಲಿ ಮಕ್ಕಳು ಹೇಗೆ ಕೂರುತ್ತಾರೆ?

ಟೀಚರಮ್ಮ

ವರಾಂಡದಲ್ಲಿ ಸಾಲಾಗಿ. ಅಕ್ಷರ ದಾಸೋಹದ ಊಟ ಹತ್ತನೇ ಕ್ಲಾಸಿನ ತನಕ ಇದೆ. ಎಲ್ಲ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕೂತು ಒಂದೇ ಸಾರು ಉಣ್ಣಲಿ ಅನ್ನುವುದೂ ಆ ಯೋಜನೆಯ ಉದ್ದೇಶಗಳಲ್ಲಿ ಒಂದು. ನಮ್ಮ ಕಡೆ ಜಾತಿ ಏನು ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ಆ ಸಾಲು ಸುಮ್ನೆ ಹಾಕಿದ್ದಲ್ಲ. ಆದರೂ ಬಿಟ್ಟರೆ ಮಕ್ಕಳು ಅದೇ ಗೆಳತಿಯರ ಪಕ್ಕವೇ ತಟ್ಟೆ ಇಡುತ್ತಾರೆ. ಮನೆಯಿಂದ ಡಬ್ಬಿ ತರುವವರು ಒಂದು ಮೂಲೆ, ಬಿಸಿಯೂಟದವರು ಇನ್ನೊಂದು ಮೂಲೆ. ಅದನ್ನು ನಾನು ದಿನಾ ನೋಡುತ್ತೇನೆ.

ಈ ಚರ್ಚೆಯಿಂದ ಒಂದು ನಿರ್ಧಾರ ಮಾಡಿದ್ದೇನೆ. ಮುಂದಿನ ವಾರದಿಂದ ಬುಧವಾರ ಒಂದು ದಿನ ಒಂಬತ್ತನೇ ಕ್ಲಾಸು ರೋಲ್ ನಂಬರ್ ಪ್ರಕಾರ ಕೂರುತ್ತದೆ, ಡಬ್ಬಿಯವರೂ ಸೇರಿ. ನಾನೂ ಡಬ್ಬಿ ಹಿಡಿದುಕೊಂಡು ಸಾಲಿನ ಮಧ್ಯೆ ಕೂರುತ್ತೇನೆ. ಬಡಿಸುವ ಕೆಲಸಕ್ಕೂ ರೋಲ್ ನಂಬರ್ ಪ್ರಕಾರವೇ ನಾಲ್ಕು ನಾಲ್ಕು ಜನ. ಒಟ್ಟಿಗೆ ಮಾಡುವ ಕೆಲಸ ಒಂದು ಇರಲಿ ಅಂತ ಎಡಿಸನ್‌ನವರು ಹೇಳಿದರಲ್ಲ, ಅದಕ್ಕೆ.

ಧಾರವಾಡದ ಪೇಡೆ

ಇದು ಚಲೋ ಆಯಿತು. ಕೂರಿಸಿದರೆ ಸಾಲದು ಅಂತ ನಾನು ಈಗಲೂ ಹೇಳುತ್ತೇನೆ, ಯಾರು ಏನು ಅಂದರು ಅಂತ ಕಿವಿಯನ್ನೂ ಇಟ್ಟಿರ್ರಿ. ಬುಧವಾರ ಆದ ಮೇಲೆ ಬಂದು ಹೇಳ್ರಿ, ಕಾಯುತ್ತಿರುತ್ತೇನೆ.